ಹರಿಯುವ ನೀರಿಗೆ ಎಷ್ಟು ಶಟರ್ ವೇಗ?

ಪ್ರಶ್ನೆ: ನನ್ನ ಬಳಿ ಆರಂಭಿಕ ಹಂತದ 24 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್, ಅದರ ಜೊತೆಗೇ ಬಂದ 18-55 ಲೆನ್ಸ್ ಮತ್ತು ಒಂದು ಹಗುರ ಟ್ರೈಪಾಡ್ ಇವೆ. ಕಾಡಿನ ನೆರಳಲ್ಲಿದ್ದ, ಸುಮಾರು 5 ಮೀಟರ್ ಎತ್ತರದ ಜಲಪಾತವನ್ನು ರೇಷ್ಮೆಯ ಹಾಗೆ ತೆಗೆಯಲು ಹೋದೆ. ಎಫ್/5.6ರಲ್ಲಿ 2 ಸೆಕೆಂಡ್ ಇಟ್ಟರೆ ಚಿತ್ರವೆಲ್ಲ ಬೆಳ್ಳಗಾಯಿತು. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100 ಇಟ್ಟುಕೊಂಡೇ ಎಫ್/22ಕ್ಕೆ ಇಳಿಸಿದಾಗ ಬೆಳಕು ಸರಿಹೋಯಿತು, ಆದರೆ ನೀರು ಒಣಗಲು ಹಾಕಿದ ಬಿಳಿ ಬಟ್ಟೆಯಂತಾಯಿತು, ಬಂಡೆಗಳೂ ಮಂಕಾಗಿವೆ. ಸರಿಯಾದ ಶಟರ್ ವೇಗ ಯಾವುದು? ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಕೊಳ್ಳಲೇಬೇಕೆ?

ಉತ್ತರ: ನೀವು ಕೊಟ್ಟಿರುವ ಅಂಕಿಗಳಿಂದಲೇ ಶುರುಮಾಡೋಣ. ಐಎಸ್‌ಒ 100, ಎಫ್/22, 2 ಸೆಕೆಂಡ್‌ಗೆ ಬೆಳಕು ಸರಿಹೋಗಿದೆ ಎಂದರೆ ನೀವಿದ್ದ ಜಾಗ ಸಾಕಷ್ಟು ಕತ್ತಲೆಯದು. ಈಗ ಅಪರ್ಚರನ್ನು, ಅಂದರೆ ಲೆನ್ಸಿನೊಳಗಿನ ರಂಧ್ರವನ್ನು (ಎಫ್ ಅಂಕಿ ದೊಡ್ಡದಾದಷ್ಟೂ ಅದು ಚಿಕ್ಕದು), ಎಫ್/22ರಿಂದ ಎಫ್/16ಕ್ಕೆ, ಅಲ್ಲಿಂದ ಎಫ್/11ಕ್ಕೆ, ಅಲ್ಲಿಂದ ಎಫ್/8ಕ್ಕೆ ತೆರೆಯುತ್ತ ಬನ್ನಿ. ಪ್ರತಿ ಮೆಟ್ಟಿಲಿಗೂ ಒಳಬರುವ ಬೆಳಕು ಇಮ್ಮಡಿಯಾಗುತ್ತದೆ, ಹಾಗಾಗಿ ಶಟರ್ ತೆರೆದಿರಬೇಕಾದ ಸಮಯ ಅರ್ಧಕ್ಕೆ ಇಳಿಯುತ್ತದೆ. 2 ಸೆಕೆಂಡ್ ಇದ್ದದ್ದು 1 ಆಗಿ, 1/2 ಆಗಿ, ಎಫ್/8ಕ್ಕೆ ಬರುವಷ್ಟರಲ್ಲಿ 1/4 ಸೆಕೆಂಡ್ ಆಗುತ್ತದೆ. ಅದೇ ಬೆಳಕು, ಅದೇ ಕ್ಯಾಮೆರಾ, ಯಾವ ಫಿಲ್ಟರೂ ಇಲ್ಲ. ಆ ಜಲಪಾತಕ್ಕೆ ಬೇಕಿದ್ದುದು ಹೆಚ್ಚುಕಡಿಮೆ ಇಷ್ಟೇ. ನಿಮ್ಮ 2 ಸೆಕೆಂಡ್ ತೀರಾ ಉದ್ದವಾಯಿತು, ಅದಕ್ಕಾಗಿ ಬಳಸಿದ ಎಫ್/22 ಬಂಡೆಗಳ ಹರಿತವನ್ನು ತಿಂದುಹಾಕಿತು.

ಎಫ್/22 ಏಕೆ ಮಂಕು ಎಂಬುದನ್ನು ಮೊದಲು ಮುಗಿಸಿಬಿಡುತ್ತೇನೆ. ಸಣ್ಣ ರಂಧ್ರದ ಮೂಲಕ ಹಾಯುವಾಗ ಬೆಳಕು ಹರಡಿಕೊಳ್ಳುತ್ತದೆ. ಒಂದು ಚುಕ್ಕಿಯಾಗಿ ಬೀಳಬೇಕಾದದ್ದು ಸಣ್ಣ ಬಿಲ್ಲೆಯಾಗಿ ಬೀಳುತ್ತದೆ. ಹಸಿರು ಬೆಳಕಿಗೆ ಲೆಕ್ಕ ಹಾಕಿದರೆ ಎಫ್/22ರಲ್ಲಿ ಆ ಬಿಲ್ಲೆಯ ಅಡ್ಡಳತೆ ಸುಮಾರು 29 ಮೈಕ್ರಾನ್, ಎಫ್/8ರಲ್ಲಿ ಸುಮಾರು 11. ನಿಮ್ಮಂಥ ಕ್ಯಾಮೆರಾದ ಸೆನ್ಸರಿನಲ್ಲಿ ಒಂದೊಂದು ಪಿಕ್ಸೆಲ್ಲಿನ ಅಗಲ 4 ಮೈಕ್ರಾನ್‌ಗಿಂತ ತುಸು ಕಡಿಮೆ. ಅಂದರೆ ಎಫ್/22ರಲ್ಲಿ ಪ್ರತಿ ಚುಕ್ಕಿಯೂ ಏಳು ಪಿಕ್ಸೆಲ್‌ಗಳಷ್ಟು ಹರಡಿಕೊಂಡಿದೆ. ಎಷ್ಟು ಒಳ್ಳೆಯ ಲೆನ್ಸ್ ತಂದರೂ ಇದನ್ನು ತಪ್ಪಿಸಲಾಗದು, ಇದು ಬೆಳಕಿನದೇ ಗುಣ. ಹತ್ತಿರದ ಬಂಡೆಯಿಂದ ದೂರದ ಮರದವರೆಗೆ ಎಲ್ಲವೂ ಸ್ಪಷ್ಟವಾಗಿರಬೇಕೆಂಬ ಆಸೆಗೆ ಎಫ್/22 ಬೇಕಾಗಿಯೂ ಇಲ್ಲ. 18 ಮಿಲಿಮೀಟರಿನಲ್ಲಿ (ನಿಮ್ಮ ಲೆನ್ಸಿನ ಅತಿ ಅಗಲದ ನೋಟ), ಎಫ್/8ರಲ್ಲಿ, 2 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸುಮಾರು 1 ಮೀಟರಿನಿಂದ ಅನಂತದವರೆಗೆ ಎಲ್ಲವೂ ತೃಪ್ತಿಕರವಾಗಿ ಸ್ಪಷ್ಟ. ಕಾಲಬುಡದ ಪಾಚಿಯೂ ಚೌಕಟ್ಟಿನಲ್ಲಿದ್ದರೆ ಎಫ್/11ಕ್ಕೆ ಹೋಗಿ. ಅದಕ್ಕಿಂತ ಮುಂದೆ ಹೋಗುವ ಅಗತ್ಯ ತೀರಾ ಅಪರೂಪ.

ಈಗ ಮುಖ್ಯ ಪ್ರಶ್ನೆ. "ಜಲಪಾತಕ್ಕೆ 1 ಸೆಕೆಂಡ್, ಸಮುದ್ರಕ್ಕೆ 30 ಸೆಕೆಂಡ್" ಎಂಬಂಥ ಸಿದ್ಧಸೂತ್ರಗಳು ಎಲ್ಲೆಡೆ ಸಿಗುತ್ತವೆ. ಅವು ಒಮ್ಮೆ ಸರಿ, ಹತ್ತು ಸಲ ತಪ್ಪು. ಏಕೆಂದರೆ ನೀರು ಚಿತ್ರದಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಶಟರ್ ವೇಗವೊಂದೇ ನಿರ್ಧರಿಸುವುದಿಲ್ಲ. ಶಟರ್ ತೆರೆದಿದ್ದಷ್ಟು ಹೊತ್ತಿನಲ್ಲಿ ನೀರು ನಿಮ್ಮ ಚೌಕಟ್ಟಿನ ಎಷ್ಟು ಭಾಗವನ್ನು ದಾಟಿತು ಎಂಬುದು ನಿರ್ಧರಿಸುತ್ತದೆ. ಅದೇ ತೊರೆಯನ್ನು 18 ಮಿಲಿಮೀಟರಿನಲ್ಲಿ ತೆಗೆದಾಗ ಚಂದವಾಗಿ ಎಳೆಎಳೆಯಾಗಿ ಕಂಡ ನೀರು, ನಿಂತ ಜಾಗ ಬಿಡದೆ 55ಕ್ಕೆ ಜೂಮ್ ಮಾಡಿದಾಗ ಅದೇ ಶಟರ್ ವೇಗಕ್ಕೆ ಮೂರು ಪಟ್ಟು ಹೆಚ್ಚು ಕಲಸಿಹೋಗುತ್ತದೆ. ನೀರಿನ ವೇಗ ಬದಲಾಗಿಲ್ಲ, ಚೌಕಟ್ಟು ಚಿಕ್ಕದಾಗಿದೆ.

ಆದ್ದರಿಂದ ನಾನು ಬಳಸುವ ಕ್ರಮ ಹೀಗಿದೆ. ಕ್ಯಾಮೆರಾವನ್ನು ಟ್ರೈಪಾಡಿಗೆ ಹಾಕಿ, ಚೌಕಟ್ಟು ಕಟ್ಟಿ ಮುಗಿಸಿ. ಆಮೇಲೆ ಪರದೆಯಲ್ಲಿ ನೋಡುತ್ತ, ನೀರಿನ ಮೇಲೆ ತೇಲಿಬರುವ ಒಂದು ನೊರೆಯ ತುಣುಕನ್ನೋ ಎಲೆಯನ್ನೋ ಆರಿಸಿಕೊಳ್ಳಿ. ಅದು ಚೌಕಟ್ಟಿನ ಒಂದು ಅಂಚಿನಿಂದ ಎದುರಿನ ಅಂಚಿಗೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಎಣಿಸಿ. ಪೂರ್ತಿ ದಾಟದೆ ಅರ್ಧದಲ್ಲೇ ಮರೆಯಾದರೆ ಆ ಸಮಯವನ್ನು ಇಮ್ಮಡಿಸಿಕೊಳ್ಳಿ. ಕಣ್ಣಿಗೆ ಸಿಗದಷ್ಟು ವೇಗವಾಗಿದ್ದರೆ ಫೋನಿನಲ್ಲಿ ಅದೇ ಚೌಕಟ್ಟಿನ ವಿಡಿಯೋ ತೆಗೆದು, ನಿಧಾನವಾಗಿ ಓಡಿಸಿ ನೋಡಬಹುದು. ಈ ದಾಟುವ ಸಮಯದ ಇಪ್ಪತ್ತನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದವರೆಗಿನ ಯಾವುದೇ ಶಟರ್ ವೇಗದಲ್ಲಿ ನೀರು ಹರಿಯುತ್ತಿರುವುದೂ ಕಾಣುತ್ತದೆ, ನೀರಿನ ಮೈಕಟ್ಟೂ ಉಳಿಯುತ್ತದೆ. ಇಪ್ಪತ್ತನೇ ಭಾಗದ ಕಡೆ ಹೋದಷ್ಟೂ ಎಳೆಗಳು ಗಿಡ್ಡ, ಒರಟು, ಕಸುವುಳ್ಳವು. ನಾಲ್ಕನೇ ಭಾಗದ ಕಡೆ ಬಂದಷ್ಟೂ ಉದ್ದ, ನಯ. ದಾಟುವ ಸಮಯಕ್ಕೆ ಸಮನಾಗಿ ಅಥವಾ ಅದನ್ನೂ ಮೀರಿ ಶಟರ್ ತೆರೆದಿಟ್ಟರೆ ಎಳೆಗಳೆಲ್ಲ ಒಂದರೊಳಗೊಂದು ಸೇರಿ ಬರೀ ಬಿಳುಪು ಉಳಿಯುತ್ತದೆ. ಈ ಅಂಕಿಗಳು ನನ್ನ ಅನುಭವದ ಅಂದಾಜು, ಭೌತಶಾಸ್ತ್ರದ ನಿಯಮವಲ್ಲ. ಆದರೂ ಮೊದಲ ಕ್ಲಿಕ್ಕಿಗೆ ಇಷ್ಟು ಹತ್ತಿರ ಕರೆದೊಯ್ಯುವ ಬೇರೆ ಲೆಕ್ಕ ನನಗೆ ಗೊತ್ತಿಲ್ಲ.

ನಿಮ್ಮ ಜಲಪಾತಕ್ಕೇ ಇದನ್ನು ಹಚ್ಚಿ ನೋಡಿ. ತಡೆಯಿಲ್ಲದೆ ಬೀಳುವ ನೀರು 5 ಮೀಟರ್ ಇಳಿಯಲು ಸುಮಾರು 1 ಸೆಕೆಂಡ್ ಸಾಕು, ಬುಡ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 10 ಮೀಟರಿನ ಹತ್ತಿರ. ಜಲಪಾತ ಚೌಕಟ್ಟು ತುಂಬಿದ್ದರೆ ದಾಟುವ ಸಮಯ 1 ಸೆಕೆಂಡ್. ಹಾಗಾದರೆ 1/20ರಿಂದ 1/4 ಸೆಕೆಂಡ್ ನಿಮ್ಮ ವ್ಯಾಪ್ತಿ. ಅದೇ ಎತ್ತರ 20 ಮೀಟರ್ ಆಗಿದ್ದರೆ? ಎತ್ತರ ನಾಲ್ಕು ಪಟ್ಟಾದರೂ ಬೀಳುವ ಸಮಯ ಎರಡೇ ಪಟ್ಟು, ಅಂದರೆ ಸುಮಾರು 2 ಸೆಕೆಂಡ್. ಅಂಥ ಜಲಪಾತವನ್ನು ಪೂರ್ತಿ ಚೌಕಟ್ಟಿಗೆ ತುಂಬಿಸಿದಾಗ 1/10ರಿಂದ 1/2 ಸೆಕೆಂಡ್ ಬೇಕಾಗುತ್ತದೆ. ದೊಡ್ಡ ಜಲಪಾತದ ನೀರು ನಿಜದಲ್ಲಿ ಹೆಚ್ಚು ರಭಸದ್ದು, ಆದರೂ ಅದಕ್ಕೇ ಹೆಚ್ಚು ನಿಧಾನದ ಶಟರ್ ಬೇಕು. ಮೊದಲ ಸಲ ಕೇಳಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ಆದರೆ ದೂರ ನಿಂತು ಎತ್ತರದ ಜಲಪಾತ ನೋಡಿದವರಿಗೆ ನೀರು ನಿಧಾನವಾಗಿ ಇಳಿಯುವಂತೆ ಕಂಡಿರುತ್ತದೆ. ಕ್ಯಾಮೆರಾ ಕಾಣುವುದೂ ಅದನ್ನೇ. ಬಂಡೆಯ ಮೈಗೆ ಅಂಟಿಕೊಂಡು ಜಾರುವ ನೀರಿಗೆ ಈ ಲೆಕ್ಕ ಹೊಂದುವುದಿಲ್ಲ. ಘರ್ಷಣೆಯಿಂದ ಅದು ತುಂಬ ನಿಧಾನ. ಅಲ್ಲಿ ನೊರೆಯನ್ನು ಎಣಿಸುವುದೇ ದಾರಿ. ನಿಮ್ಮ ಕಡೆಗೇ ನೇರ ಹರಿದು ಬರುವ ನೀರೂ ಹಾಗೆಯೇ. ಅಡ್ಡ ಹರಿಯುವ ನೀರಿಗಿಂತ ಅದು ಚೌಕಟ್ಟಿನಲ್ಲಿ ಕಡಿಮೆ ಸರಿದಾಡುತ್ತದೆ, ಇನ್ನಷ್ಟು ಉದ್ದದ ಎಕ್ಸ್‌ಪೋಶರ್ ಕೇಳುತ್ತದೆ.

ಉದ್ದವಾದಷ್ಟೂ ನೀರು ಏಕೆ ಸಪ್ಪೆಯಾಗುತ್ತದೆ ಎಂಬುದನ್ನು ಅರ್ಥಮಾಡಿಕೊಂಡರೆ ಮುಂದಿನ ಎಷ್ಟೋ ನಿರ್ಧಾರಗಳು ತಾವಾಗಿ ಆಗುತ್ತವೆ. ತಿಳಿನೀರಿಗೆ ತನ್ನದೇ ಬಿಳಿ ಬಣ್ಣವಿಲ್ಲ. ಬಿಳಿ ಬರುವುದು ನೀರಿನೊಳಗೆ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳಿಂದ, ಒಡೆದ ಹನಿಗಳಿಂದ. ಅವು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಬೀಳುವ ಧಾರೆಯನ್ನು ಗಮನವಿಟ್ಟು ನೋಡಿದರೆ ಅದು ಒಂದೇ ಸಮನೆ ಬಿಳಿಯಲ್ಲ. ನೊರೆಯ ಗೊಂಚಲೊಂದು ಬರುತ್ತದೆ, ಅದರ ಹಿಂದೆ ತೆಳ್ಳಗಿನ ಕಪ್ಪು ತೆರಪು, ಮತ್ತೆ ಗೊಂಚಲು. ಸೆನ್ಸರಿನ ಒಂದೊಂದು ಬಿಂದುವೂ ತನ್ನ ಮುಂದೆ ಹಾದುಹೋದ ಬಿಳಿ ಕಪ್ಪುಗಳ ಸರಾಸರಿಯನ್ನು ದಾಖಲಿಸುತ್ತದೆ. 1/8 ಸೆಕೆಂಡಿನಲ್ಲಿ ಎರಡು ಮೂರು ಗೊಂಚಲು ಹಾದುಹೋದರೆ ಪಕ್ಕಪಕ್ಕದ ಬಿಂದುಗಳ ಸರಾಸರಿಯಲ್ಲಿ ವ್ಯತ್ಯಾಸ ಉಳಿದಿರುತ್ತದೆ, ಆ ವ್ಯತ್ಯಾಸವೇ ನಮಗೆ ಎಳೆಗಳಾಗಿ ಕಾಣುವುದು. 2 ಸೆಕೆಂಡಿನಲ್ಲಿ ಹಲವಾರು ಹಾದುಹೋದರೆ ಎಲ್ಲ ಬಿಂದುಗಳ ಸರಾಸರಿಯೂ ಒಂದೇ ಆಗಿಬಿಡುತ್ತದೆ. ನಿಮ್ಮ ಬಿಳಿ ಬಟ್ಟೆ ಹುಟ್ಟಿದ್ದು ಹೀಗೆ.

ಇದರಿಂದಲೇ ಇನ್ನೊಂದು ಮಾತೂ ಹೊರಡುತ್ತದೆ. ಧಾರೆ ಎಲ್ಲೆಲ್ಲಿ ಬಂಡೆಗೆ ತಾಗಿ ಕವಲೊಡೆಯುತ್ತದೋ ಅಲ್ಲಿ ಎಳೆಗಳು ಉದ್ದನೆಯ ಎಕ್ಸ್‌ಪೋಶರಿಗೂ ಉಳಿಯುತ್ತವೆ, ಏಕೆಂದರೆ ನೀರು ಪ್ರತಿಸಲ ಅದೇ ದಾರಿಯಲ್ಲೇ ಹರಿಯುತ್ತದೆ, ಕಪ್ಪು ತೆರಪುಗಳೂ ಅದೇ ಜಾಗದಲ್ಲಿರುತ್ತವೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೊರೆಗಳು 1 ಸೆಕೆಂಡಿಗೂ ಚೆನ್ನಾಗಿ ಬರುವುದು ಇದೇ ಕಾರಣಕ್ಕೆ. ದಟ್ಟವಾಗಿ ಒಂದೇ ಮೊತ್ತದಲ್ಲಿ ಧುಮ್ಮಿಕ್ಕುವ ಜಲಪಾತಕ್ಕೆ ಆ ಅನುಕೂಲವಿಲ್ಲ. ಭರ್ತಿ ಮಳೆಗಾಲದ ಪ್ರವಾಹಕ್ಕಿಂತ, ನೀರು ತುಸು ಇಳಿದು ಬಂಡೆಗಳ ಕಪ್ಪು ಮೈ ನಡುನಡುವೆ ಕಾಣತೊಡಗಿದಾಗ ನಿಧಾನದ ಶಟರಿಗೆ ಒಳ್ಳೆಯ ಕಾಲ. ತುಂಬಿ ಭೋರ್ಗರೆಯುವ ನೀರನ್ನು 2 ಸೆಕೆಂಡ್ ಹಿಡಿದರೆ ಅದರ ಶಕ್ತಿಯೆಲ್ಲ ಹೋಗಿ ಮಂಜು ಮಾತ್ರ ಉಳಿಯುತ್ತದೆ. ಅದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅಂಥ ನೀರಿಗೆ 1/15 ಅಥವಾ 1/30 ಕೊಟ್ಟು ನೋಡಿ. ಬಂಡೆಗೆ ಅಪ್ಪಳಿಸಿ ಮೇಲೆ ಚಿಮ್ಮುವ ದೊಡ್ಡ ಅಲೆಗಾದರೆ 1/1000ಕ್ಕೇ ಹೋಗಿ, ಒಂದೊಂದು ಹನಿಯೂ ಗಾಳಿಯಲ್ಲಿ ನಿಲ್ಲಲಿ.

ಹಾಲಿನಂಥ ನೀರು ಇತ್ತೀಚಿನ ಷೋಕಿ ಎಂದು ಕೆಲವರು ತಳ್ಳಿಹಾಕುತ್ತಾರೆ. ಚರಿತ್ರೆ ಬೇರೆಯೇ ಇದೆ. 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಗೆ ಬೃಹತ್ ಗಾಜಿನ ಫಲಕಗಳನ್ನು ಹೊತ್ತೊಯ್ದು ತೆಗೆದ ಚಿತ್ರಗಳಲ್ಲಿ ಜಲಪಾತಗಳು ನಯವಾದ ಬಿಳಿ ಪಟ್ಟಿಗಳಂತೆ ಇವೆ. ಆಗಿನ ರಾಸಾಯನಿಕ ಲೇಪನಕ್ಕೆ ಬೆಳಕು ಸಾಲುತ್ತಿರಲಿಲ್ಲ, ಲೆನ್ಸನ್ನು ಸೆಕೆಂಡುಗಟ್ಟಲೆ ತೆರೆದಿಡದೆ ಬೇರೆ ದಾರಿಯೇ ಇರಲಿಲ್ಲ. ಅದಕ್ಕೂ ಮೊದಲು, 1856-57ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿನ ಅಲೆಯನ್ನು ಅಲೆಯಾಗಿಯೇ ನಿಲ್ಲಿಸಿ ತೋರಿಸಿದಾಗ ಜನ ಬೆರಗಾದರು. ಆಗ ನಿಲ್ಲಿಸುವುದು ಕಷ್ಟವಿತ್ತು, ಹರಿಯಬಿಡುವುದು ಅನಿವಾರ್ಯವಿತ್ತು. ನಮಗೆ ಎರಡರ ನಡುವೆ ಆಯ್ಕೆ ಇದೆ, ಅದಕ್ಕೇ ಶಟರ್ ವೇಗವನ್ನು ಅಭ್ಯಾಸಬಲದಿಂದ ಹಾಕದೆ ಆರಿಸಿ ಹಾಕಬೇಕು ಎನ್ನುತ್ತೇನೆ.

ಎನ್‌ಡಿ ಫಿಲ್ಟರಿಗೆ ಬರುತ್ತೇನೆ. ಅದು ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು, ಬೆಳಕನ್ನು ಕಡಿಮೆ ಮಾಡುವುದಷ್ಟೇ ಅದರ ಕೆಲಸ. ಒಂದೊಂದು ಸ್ಟಾಪ್ ಎಂದರೆ ಬೆಳಕು ಒಮ್ಮೆ ಅರ್ಧವಾಗುವುದು. 3 ಸ್ಟಾಪಿನದು ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುತ್ತದೆ, 6 ಸ್ಟಾಪಿನದು 64ನೇ ಒಂದು ಭಾಗಕ್ಕೆ, 10 ಸ್ಟಾಪಿನದು 1024ನೇ ಒಂದು ಭಾಗಕ್ಕೆ. ನಿಮಗೆ ಬೇಕೋ ಬೇಡವೋ ಎಂದು ತಿಳಿಯಲು ಬೆಳಕಿನ ಲೆಕ್ಕ ಮಾಡಿ. ಚುರುಕು ಬಿಸಿಲಿನಲ್ಲಿ ಐಎಸ್‌ಒ 100, ಎಫ್/16 ಇಟ್ಟರೆ ಶಟರ್ ಸುಮಾರು 1/100 ಬರುತ್ತದೆ. ಎಫ್/11ಕ್ಕೆ ತೆರೆದರೆ 1/200. ಅಲ್ಲಿಂದ 1/4 ಸೆಕೆಂಡಿಗೆ ಇಳಿಯಬೇಕಾದರೆ ಬೆಳಕನ್ನು 50 ಪಟ್ಟು ತಗ್ಗಿಸಬೇಕು, ಅಂದರೆ 6 ಸ್ಟಾಪಿನ ಫಿಲ್ಟರ್ ಬೇಕೇ ಬೇಕು. ಆದರೆ ದಟ್ಟ ನೆರಳಿನಲ್ಲಿ ಬಿಸಿಲಿಗಿಂತ 4 ಸ್ಟಾಪ್ ಬೆಳಕು ಕಡಿಮೆ. ಅದೇ ಎಫ್/11ರಲ್ಲಿ 1/12 ಸೆಕೆಂಡ್ ತಾನಾಗಿ ಬರುತ್ತದೆ. ಮೋಡ ಮುಸುಕಿದ ದಿನ ಮರಗಳ ಕೆಳಗೆ ಇನ್ನೂ ಕಡಿಮೆ, ನಿಮ್ಮ ಜಾಗ ಅಂಥದ್ದೇ ಇತ್ತು. ಅಲ್ಲಿ ಫಿಲ್ಟರ್ ಬೇಡ. ಬಿಸಿಲಿನಲ್ಲಿ ಜಲಪಾತ ತೆಗೆಯುವುದಕ್ಕಾಗಿ ಫಿಲ್ಟರ್ ಕೊಳ್ಳುವ ಯೋಚನೆಯಿದ್ದರೆ ಅದನ್ನೂ ನಾನು ಒಪ್ಪುವುದಿಲ್ಲ. ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗಳು ಬಿಳಿ ನೀರಿನ ಮೇಲೆ ಕುಳಿತಾಗ ಯಾವ ಶಟರ್ ವೇಗವೂ ಚಿತ್ರವನ್ನು ಉಳಿಸದು. ಮುಂಜಾವಿಗೆ, ಸಂಜೆಗೆ ಅಥವಾ ಮೋಡಕ್ಕೆ ಕಾಯುವುದು ಉತ್ತಮ.

ನೀವು ಒಂದೇ ಒಂದು ಫಿಲ್ಟರ್ ಕೊಳ್ಳುವುದಾದರೆ ಪೋಲರೈಸರ್ ಕೊಳ್ಳಿ. ಅದೂ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನು ತಡೆಯುತ್ತದೆ, ಹಾಗಾಗಿ ಶಟರನ್ನು ನಿಧಾನಗೊಳಿಸುವ ಕೆಲಸ ಸ್ವಲ್ಪಮಟ್ಟಿಗೆ ಅದರಿಂದಲೇ ಆಗುತ್ತದೆ. ಆದರೆ ಅದರ ನಿಜವಾದ ಉಪಕಾರ ಬೇರೆ. ಒದ್ದೆ ಬಂಡೆ, ಒದ್ದೆ ಎಲೆ, ತಿಳಿನೀರಿನ ಮೇಲ್ಮೈ ಇವೆಲ್ಲ ಆಕಾಶವನ್ನು ಪ್ರತಿಫಲಿಸಿ ಬಿಳಿಚಿಕೊಂಡಿರುತ್ತವೆ. ಆ ಪ್ರತಿಫಲನವನ್ನು ಪೋಲರೈಸರ್ ಕಳಚಿದಾಗ ಪಾಚಿಯ ಹಸಿರು, ಕಲ್ಲಿನ ಕಂದು, ನೀರಿನಡಿಯ ಬೆಣಚುಕಲ್ಲು ಒಮ್ಮೆಲೇ ಎದ್ದುಬರುತ್ತವೆ. ಕಂಪ್ಯೂಟರಿನಲ್ಲಿ ಯಾವ ತಿದ್ದುಪಡಿಯಿಂದಲೂ ಇದು ಸಾಧ್ಯವಿಲ್ಲ, ಏಕೆಂದರೆ ಹೊಳಪಿನ ಕೆಳಗೆ ಏನಿತ್ತು ಎಂಬ ಮಾಹಿತಿ ಚಿತ್ರದಲ್ಲಿ ಇರುವುದೇ ಇಲ್ಲ. ನೀರಿನ ಮೇಲ್ಮೈಯನ್ನು ಸುಮಾರು 37 ಡಿಗ್ರಿ ಓರೆಯಲ್ಲಿ ನೋಡುವಾಗ ಇದರ ಪರಿಣಾಮ ಅತಿ ಹೆಚ್ಚು. ಫಿಲ್ಟರನ್ನು ನಿಧಾನವಾಗಿ ತಿರುಗಿಸುತ್ತ ನೋಡಿ, ಎಲ್ಲ ಸಲವೂ ಪೂರ್ತಿ ಕತ್ತರಿಸಬೇಡಿ. ಸಂಜೆಯ ಹೊಂಬಣ್ಣ ತೊರೆಯ ಮೇಲೆ ಪ್ರತಿಫಲಿಸುತ್ತಿದ್ದರೆ ಅದೇ ಚಿತ್ರದ ಜೀವ, ಅದನ್ನು ತೆಗೆದುಹಾಕಿದರೆ ಕಪ್ಪು ನೀರು ಉಳಿಯುತ್ತದೆ. ತುಂತುರಿನಲ್ಲಿ ಕಾಮನಬಿಲ್ಲು ಮೂಡಿದ್ದರೆ ಇನ್ನೂ ಎಚ್ಚರ ಬೇಕು. ಕಾಮನಬಿಲ್ಲಿನ ಬೆಳಕೇ ಧ್ರುವೀಕೃತವಾದದ್ದರಿಂದ ತಪ್ಪು ಕೋನಕ್ಕೆ ತಿರುಗಿಸಿದ ಪೋಲರೈಸರ್ ಅದನ್ನು ಅಳಿಸಿಹಾಕುತ್ತದೆ.

ಎರಡನೆಯ ಫಿಲ್ಟರ್ 6 ಸ್ಟಾಪಿನದಾಗಲಿ. 10 ಸ್ಟಾಪಿನದು ಆಕರ್ಷಕ, ಆದರೆ ಹರಿಯುವ ನೀರಿಗೆ ಅದರ ಉಪಯೋಗ ಕಡಿಮೆ. 1/30 ಇದ್ದದ್ದು ಅದರಿಂದ 34 ಸೆಕೆಂಡ್ ಆಗುತ್ತದೆ. ಅಷ್ಟು ಹೊತ್ತಿನಲ್ಲಿ ನೀರಿನ ರೂಪ ಪೂರ್ತಿ ಅಳಿಸಿಹೋಗಿರುತ್ತದೆ. ಎರಡು ಪೋಲರೈಸರ್ ಗಾಜುಗಳನ್ನು ಜೋಡಿಸಿ ಮಾಡಿದ, ತಿರುಗಿಸಿದಂತೆ ಕಪ್ಪಾಗುವ ಫಿಲ್ಟರುಗಳೂ ಸಿಗುತ್ತವೆ. ಅನುಕೂಲವೇನೋ ಹೌದು, ಆದರೆ 18 ಮಿಲಿಮೀಟರಿನಂಥ ಅಗಲದ ನೋಟದಲ್ಲಿ, ಗರಿಷ್ಠ ಕಪ್ಪಿನ ಹತ್ತಿರ, ಚಿತ್ರದ ಮೇಲೆ ಗುಣಿಸು ಚಿಹ್ನೆಯಂಥ ಕಪ್ಪು ನೆರಳು ಬೀಳುತ್ತದೆ. ಯಾವ ಕಪ್ಪು ಫಿಲ್ಟರ್ ಹಾಕಿದರೂ ಚೌಕಟ್ಟು ಕಟ್ಟುವುದು, ಫೋಕಸ್ ಮಾಡುವುದು ಎರಡನ್ನೂ ಅದಕ್ಕೆ ಮೊದಲೇ ಮುಗಿಸಿ, ಫೋಕಸನ್ನು ಮ್ಯಾನ್ಯುಯಲ್‌ಗೆ ಬದಲಿಸಿಬಿಡಿ. ಡಿಎಸ್‌ಎಲ್‌ಆರ್ ಆದ್ದರಿಂದ ಕಣ್ಣಿಡುವ ಕಿಂಡಿಯನ್ನೂ ಮುಚ್ಚಿ. ಅಲ್ಲಿಂದ ಒಳನುಗ್ಗುವ ಬೆಳಕು, ಬೆಳಕು ಅಳೆಯುವ ಮೀಟರಿನ ಲೆಕ್ಕ ತಪ್ಪಿಸುತ್ತದೆ, ಉದ್ದನೆಯ ಎಕ್ಸ್‌ಪೋಶರಿನಲ್ಲಿ ಚಿತ್ರದ ಮೇಲೆ ಕಲೆಯಾಗಿಯೂ ಬೀಳಬಹುದು.

ನಿಧಾನದ ಶಟರಿನಲ್ಲಿ ನೀರು ಮೆತ್ತಗಾಗಿ ಕಾಣಬೇಕಾದರೆ ಅದರ ಪಕ್ಕದ ಬಂಡೆ ಕಡೆದಿಟ್ಟಂತೆ ಇರಬೇಕು. ಬಂಡೆಯೂ ಕೂದಲೆಳೆಯಷ್ಟು ಅಲುಗಿದ್ದರೆ ನೋಡುವವರಿಗೆ ಅದು ಕೈ ನಡುಗಿದ ಚಿತ್ರ ಅಷ್ಟೆ. ಇಲ್ಲಿ ಒಂದು ತೊಡಕಿದೆ. ನಿಮಗೆ ಬೇಕಿರುವ 1/30ರಿಂದ 1/4 ಸೆಕೆಂಡ್ ಇದೆಯಲ್ಲ, ಡಿಎಸ್‌ಎಲ್‌ಆರ್ ಕ್ಯಾಮೆರಾದ ಕನ್ನಡಿ ಮೇಲೆದ್ದಾಗ ಆಗುವ ಕಂಪನ ಅತಿ ಹೆಚ್ಚು ಕಾಡುವುದು ಆ ವೇಗಗಳಲ್ಲೇ. 10 ಸೆಕೆಂಡಿನ ಎಕ್ಸ್‌ಪೋಶರಿನಲ್ಲಿ ಆ ನಡುಕ ಒಟ್ಟು ಸಮಯದ ಅತ್ಯಲ್ಪ ಪಾಲು, 1/8 ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಪಾಲು. ಆದ್ದರಿಂದ ಲೈವ್ ವ್ಯೂ (ಪರದೆಯಲ್ಲಿ ನೋಡಿ ತೆಗೆಯುವುದು) ಅಥವಾ ಮಿರರ್ ಲಾಕ್ (ಕನ್ನಡಿಯನ್ನು ಮೊದಲೇ ಮೇಲೆತ್ತಿಡುವುದು) ಬಳಸಿ, ಬೆರಳಿನಿಂದ ಒತ್ತುವ ಬದಲು 2 ಸೆಕೆಂಡಿನ ಟೈಮರ್ ಇಡಿ. ಹಗುರ ಟ್ರೈಪಾಡಿನ ನಡುಗಂಬವನ್ನು ಮೇಲೆತ್ತಬೇಡಿ, ತೆಳ್ಳಗಿನ ಕೊನೆಯ ಹಂತದ ಕಾಲುಗಳನ್ನು ಆದಷ್ಟು ಎಳೆಯಬೇಡಿ. ಕ್ಯಾಮೆರಾದ ಪಟ್ಟಿ ಗಾಳಿಗೆ ಬಡಿದುಕೊಳ್ಳದಂತೆ ಸುತ್ತಿಡಿ ಅಥವಾ ಬಿಚ್ಚಿಡಿ. ಹರಿಯುವ ನೀರಿನೊಳಗೆ ನೆಟ್ಟ ಕಾಲು ಸದಾ ಸಣ್ಣಗೆ ಕಂಪಿಸುತ್ತದೆ. ಕಲ್ಲುಗಳ ನಡುವೆ ಒತ್ತಿ ಗಟ್ಟಿಯಾಗಿ ಊರಿ, ಸಾಧ್ಯವಾದರೆ ಮೂರೂ ಕಾಲು ಒಣ ಬಂಡೆಯ ಮೇಲಿರಲಿ. ಟ್ರೈಪಾಡ್ ಮೇಲಿರುವಾಗ ಲೆನ್ಸಿನ ಸ್ಟೆಬಿಲೈಸೇಶನ್ (ಕೈನಡುಕ ಸರಿದೂಗಿಸುವ ವ್ಯವಸ್ಥೆ) ಆಫ್ ಮಾಡುವುದು ಕ್ಷೇಮ.

ಟ್ರೈಪಾಡ್ ಇಲ್ಲದ ದಿನವೂ ಕೈಕಟ್ಟಿ ಕೂರಬೇಕಿಲ್ಲ. 18 ಮಿಲಿಮೀಟರಿನಲ್ಲಿ, ಸ್ಟೆಬಿಲೈಸೇಶನ್ ಆನ್ ಇಟ್ಟು, ಮೊಣಕೈಯನ್ನು ಬಂಡೆಗೆ ಊರಿ, 1/8 ಸೆಕೆಂಡಿನಲ್ಲಿ ಒಂದರ ಹಿಂದೊಂದು ಚಿತ್ರ ತೆಗೆಯುತ್ತ ಹೋದರೆ ಒಂದಾದರೂ ಹರಿತವಾಗಿ ಬರುತ್ತದೆ.

ಬಿಳಿ ನೀರಿನ ವಿವರ ಕಳೆದುಹೋಗುವುದು ನಿಮ್ಮೊಬ್ಬರ ತೊಂದರೆಯಲ್ಲ. ಕಾಡಿನ ಚೌಕಟ್ಟಿನಲ್ಲಿ ಬಹುಪಾಲು ಕಪ್ಪು ಬಂಡೆ, ಕಡುಹಸಿರು. ಮೀಟರ್ ಅದನ್ನೆಲ್ಲ ನಡುಬೂದಿಗೆ ಏರಿಸಲು ಹೋಗಿ ನೀರನ್ನು ಸುಟ್ಟುಬಿಡುತ್ತದೆ. ಮೀಟರಿನ ಲೆಕ್ಕವನ್ನು ಏರಿಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಮೈನಸ್ 1ರ ಆಸುಪಾಸಿನಿಂದ ಶುರುಮಾಡಿ, ಚಿತ್ರ ತೆಗೆದ ಮೇಲೆ ಹಿಸ್ಟೋಗ್ರಾಂ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಎಂದು ತೋರಿಸುವ ನಕ್ಷೆ) ನೋಡಿ. ಅದರ ಬಲಗಡೆಯ ತುದಿ ಗೋಡೆಗೆ ತಾಗುವ ಮುನ್ನ ನಿಲ್ಲಬೇಕು. ಹೈಲೈಟ್ ಎಚ್ಚರಿಕೆ ಮಿನುಗುತ್ತಿರುವುದು ಧಾರೆಯ ನಡುವೆ ದೊಡ್ಡ ಪ್ರದೇಶವಾಗಿದ್ದರೆ ಮತ್ತೆ ತೆಗೆಯಿರಿ, ಅಲ್ಲಿಲ್ಲಿ ಚುಕ್ಕಿಗಳಾಗಿದ್ದರೆ ಬಿಡಿ. ರಾ (ಕ್ಯಾಮೆರಾ ಸಂಸ್ಕರಿಸದ) ಕಡತವಾಗಿ ತೆಗೆದರೆ ಬಂಡೆಗಳ ನೆರಳನ್ನು ಆಮೇಲೆ ಎತ್ತಬಹುದು. ಸುಟ್ಟುಹೋದ ಬಿಳುಪಿನೊಳಗೆ ಎಳೆಗಳನ್ನು ಮಾತ್ರ ಯಾರೂ ಮರಳಿ ತರಲಾರರು. ನೆರಳಿನ ಬೆಳಕು ನೀಲಿ, ಹಾಗಾಗಿ ನೀರಿಗೆ ಅತಿಯಾದ ನೀಲಿ ಛಾಯೆ ಬಂದಿದ್ದರೆ ವೈಟ್ ಬ್ಯಾಲೆನ್ಸನ್ನು ಸುಮಾರು 7000 ಕೆಲ್ವಿನ್ ಕಡೆಗೆ ಒಯ್ಯಿರಿ. ಪೂರ್ತಿ ತಟಸ್ಥ ಮಾಡಬೇಡಿ ಎಂಬುದು ನನ್ನ ಸಲಹೆ. ತುಸು ತಂಪು ಬಣ್ಣ ನೀರಿಗೆ ಒಪ್ಪುತ್ತದೆ.

ಗಾಳಿ ಬೀಸುತ್ತಿದ್ದರೆ ಎಲೆಗಳೂ ನೀರಿನಂತೆ ಕಲಸಿಹೋಗುತ್ತವೆ. ಟ್ರೈಪಾಡ್ ಅಲುಗಿಸದೆ ಎರಡು ಚಿತ್ರ ತೆಗೆಯಿರಿ. ನೀರಿಗಾಗಿ ಐಎಸ್‌ಒ 100ರಲ್ಲಿ 1/4 ಸೆಕೆಂಡ್ ಒಂದು, ಎಲೆಗಳಿಗಾಗಿ ಐಎಸ್‌ಒ 1600ರಲ್ಲಿ 1/60 ಇನ್ನೊಂದು. ಎರಡರದೂ ಬೆಳಕು ಒಂದೇ ಆದ್ದರಿಂದ ಮನೆಗೆ ಬಂದು ಒಂದರ ಎಲೆಗಳನ್ನು ಇನ್ನೊಂದರ ನೀರಿನೊಂದಿಗೆ ಸುಲಭವಾಗಿ ಬೆಸೆಯಬಹುದು.

ಕಪ್ಪು ಫಿಲ್ಟರ್ ಇಲ್ಲದೆ ಉದ್ದನೆಯ ಎಕ್ಸ್‌ಪೋಶರ್ ಪಡೆಯುವುದಕ್ಕೂ ಇದೇ ಜಾಡಿನಲ್ಲಿ ಒಂದು ಉಪಾಯವಿದೆ. 1/15 ಸೆಕೆಂಡಿನ 16 ಚಿತ್ರಗಳನ್ನು ಸತತವಾಗಿ ತೆಗೆದು, ಸಾಫ್ಟ್‌ವೇರಿನಲ್ಲಿ ಅವುಗಳ ಸರಾಸರಿ ತೆಗೆದರೆ ಹೆಚ್ಚುಕಡಿಮೆ 1 ಸೆಕೆಂಡಿನ ಪರಿಣಾಮ ಸಿಗುತ್ತದೆ. ಜೊತೆಗೆ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಕಾಲುಭಾಗಕ್ಕೆ ಇಳಿಯುತ್ತದೆ. ಚಿತ್ರಗಳ ನಡುವಿನ ಬಿಡುವಿನಿಂದಾಗಿ ಬಿರುಸಿನ ನೀರಿನ ಎಳೆಗಳು ಕಡಿದುಕಡಿದು ಕಾಣಬಹುದು, ನಿಧಾನದ ನೀರಿಗೆ ಆ ಕಾಟವಿಲ್ಲ. ಫೋನುಗಳು ಮಾಡುವುದೂ ಇದನ್ನೇ. ಐಫೋನಿನಲ್ಲಿ 2017ರಿಂದ ಲೈವ್ ಫೋಟೋವನ್ನು ಲಾಂಗ್ ಎಕ್ಸ್‌ಪೋಶರ್ ಆಗಿ ಬದಲಿಸಬಹುದು. ಒಲಿಂಪಸ್ 2019ರ ಒಂದು ಕ್ಯಾಮೆರಾದಲ್ಲಿ ಎನ್‌ಡಿ ಫಿಲ್ಟರಿನ ಕೆಲಸವನ್ನು ಕ್ಯಾಮೆರಾದೊಳಗೇ ಹೀಗೆ ಮಾಡಿ ತೋರಿಸಿತು.

ಕಡಲಿಗೆ ಹೋದಾಗಲೂ ದಾಟುವ ಸಮಯದ ಲೆಕ್ಕವೇ ನಡೆಯುತ್ತದೆ, ಆದರೆ ಅಲ್ಲಿ ಯಾವಾಗ ಒತ್ತುತ್ತೀರಿ ಎಂಬುದು ಎಷ್ಟು ಹೊತ್ತು ಎಂಬಷ್ಟೇ ಮುಖ್ಯ. ತೊರೆ ಎಲ್ಲ ಕ್ಷಣವೂ ಒಂದೇ ಥರ ಹರಿಯುತ್ತದೆ, ಅಲೆಗೆ ಏರು ಇಳಿತ ಇದೆ. ದಡಕ್ಕೆ ಬಡಿದ ಅಲೆ ಹಿಂದೆ ಸರಿಯತೊಡಗಿದ ಕೂಡಲೇ, 1/2ರಿಂದ 1 ಸೆಕೆಂಡ್ ಶಟರಿನಲ್ಲಿ ಒತ್ತಿದರೆ ನೊರೆಯ ಗೆರೆಗಳು ಕಲ್ಲುಗಳನ್ನು ಬಳಸಿಕೊಂಡು ಕಡಲಿನ ಕಡೆಗೆ ಓಡುತ್ತವೆ, ನೋಡುವವರ ಕಣ್ಣನ್ನೂ ಜೊತೆಗೆ ಎಳೆದೊಯ್ಯುತ್ತವೆ. ಅಲೆ ಮುನ್ನುಗ್ಗುವಾಗ ಒತ್ತಿದರೆ ಮುಂಭಾಗವೆಲ್ಲ ಬಿಳಿ ರಾಡಿ. ಅಲೆಯ ಹಿಂದೆ ಅಲೆ 8 ಸೆಕೆಂಡಿಗೊಮ್ಮೆ ಬರುತ್ತಿದ್ದರೆ 30 ಸೆಕೆಂಡಿನಲ್ಲಿ ಸುಮಾರು ನಾಲ್ಕು ಅಲೆಗಳು ಒಂದರ ಮೇಲೊಂದು ಬಿದ್ದು ಮಂಜಿನ ಹಾಸಾಗುತ್ತದೆ. ಕಡಲಿನ ನಡುವೆ ಒಂಟಿ ಬಂಡೆಯೋ ಹಳೆಯ ಕಂಬಗಳ ಸಾಲೋ ಇದ್ದರೆ ಆ ನಿರಾಕಾರ ಚಂದ. ಅಂಥದ್ದೇನೂ ಇಲ್ಲದ ಕಡೆ ಖಾಲಿ ಖಾಲಿ. ಜಲಪಾತದ ಬುಡದ ಮಡುವಿನಲ್ಲಿ ನೊರೆ ಗಿರಗಿರನೆ ತಿರುಗುತ್ತಿದ್ದರೆ ಮಾತ್ರ 10, 20 ಸೆಕೆಂಡಿಗೂ ಧೈರ್ಯವಾಗಿ ಹೋಗಿ. ಕಣ್ಣಿಗೆ ಚದುರಿದ ತುಣುಕುಗಳಾಗಿ ಕಂಡದ್ದು ಚಿತ್ರದಲ್ಲಿ ಪೂರ್ತಿ ಸುಳಿಯಾಗಿ ಬರುತ್ತದೆ.

ಮರಳಿನಲ್ಲಿ ಟ್ರೈಪಾಡ್ ಪ್ರತಿ ಅಲೆಗೂ ತುಸುತುಸು ಹೂತುಕೊಳ್ಳುತ್ತದೆ, ಮೊದಲೇ ಒತ್ತಿ ಆಳಕ್ಕೆ ಇಳಿಸಿ. ಉಪ್ಪುನೀರು ತಾಗಿದ ಕಾಲುಗಳನ್ನು ಅಂದೇ ಸಿಹಿನೀರಿನಲ್ಲಿ ತೊಳೆಯಿರಿ. ಲೆನ್ಸಿನ ಮುಂದಿನ ಗಾಜನ್ನು ಪ್ರತಿ ಎರಡು ಮೂರು ಚಿತ್ರಕ್ಕೊಮ್ಮೆ ನೋಡಿ ಒರೆಸಿ, ಒಂದು ಸಣ್ಣ ಹನಿಯೂ ಚಿತ್ರದಲ್ಲಿ ದೊಡ್ಡ ಮಬ್ಬಾಗುತ್ತದೆ.

ಕೊನೆಯದಾಗಿ, ಕಣ್ಣು ಪರದೆಯ ಮೇಲಿರುವಾಗ ಸುತ್ತಲಿನ ನೀರು ಗಮನಕ್ಕೆ ಬರುವುದಿಲ್ಲ, ಅಪಾಯ ಇರುವುದು ಅಲ್ಲೇ. ಕಡಲಂಚಿನ ಬಂಡೆ ಹತ್ತುವ ಮೊದಲು ದೂರ ನಿಂತು ಕಾಲು ಗಂಟೆಯಾದರೂ ಅಲೆಗಳನ್ನು ನೋಡಿ, ಅತಿ ದೊಡ್ಡ ಅಲೆ ಎಲ್ಲಿಯವರೆಗೆ ಬಂತು ಎಂದು ಗುರುತಿಟ್ಟುಕೊಂಡು ಅದಕ್ಕಿಂತ ಮೇಲೆ ನಿಲ್ಲಿ. ಕಪ್ಪಗೆ ಒದ್ದೆಯಾಗಿರುವ ಬಂಡೆ ಎಂದರೆ ಅಲೆ ಅಲ್ಲಿಯವರೆಗೂ ಬರುತ್ತದೆ ಎಂದೇ ಅರ್ಥ. ಜಲಪಾತದ ನೆತ್ತಿಗೆ ಹೋಗಿ ಚಿತ್ರ ತೆಗೆಯುವ ಸಾಹಸ ಬೇಡವೇ ಬೇಡ. ತೊರೆಯ ನಡುವೆ ನಿಂತಿರುವಾಗ ನಿಮ್ಮ ತಲೆಯ ಮೇಲೆ ಆಕಾಶ ತಿಳಿಯಾಗಿದ್ದರೂ ಮೇಲೆಲ್ಲೋ ಮಳೆ ಸುರಿದಿರಬಹುದು. ತಿಳಿನೀರು ಕೆಂಪಗೆ ಕಲಕಿದರೆ, ಎಲೆಕಡ್ಡಿಗಳು ಒಮ್ಮೆಲೇ ಹೆಚ್ಚಾಗಿ ತೇಲಿಬಂದರೆ, ಸದ್ದು ಬದಲಾದರೆ, ಆ ಎಕ್ಸ್‌ಪೋಶರ್ ಮುಗಿಯಲೆಂದು ಕಾಯಬೇಡಿ. ಟ್ರೈಪಾಡನ್ನು ಮಡಿಸದೆ ಹಾಗೆಯೇ ಎತ್ತಿಕೊಂಡು ದಡ ಹತ್ತಿ. ಎತ್ತಲು ಸಮಯವಿಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ.